ಟವೆಲ್ಲಿನ ಕೆಳಗೆ ಒಂದು ಬೆರಳು

ಒಂದು ಬೆರಳು ಹಿಡೀತಾರೋ, ಇಲ್ಲ ಎರಡೋ? ಸದಾಶಿವಪ್ಪ ಸಾರ್ ಒಳ್ಳೆಯವರೇ. ಆದರೆ ಒಳ್ಳೆಯವರು ಎಂಬ ಕಾರಣಕ್ಕೆ ಇಲ್ಲದ ಅಂಕ ಕೊಟ್ಟಾರೇ? ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಕೊಟ್ಟವರಲ್ಲ. ಹಾಗಾದರೆ ಒಂದೇ. ಆ ಒಂದು ಬೆರಳು ಅಪ್ಪನ ಕೈಗೆ ತಾಗಿದ ಗಳಿಗೆಯಲ್ಲಿ ಅಪ್ಪನ ಮುಖ ಏನಾಗಬಹುದು?

ಕೊಳ್ಳೇಗಾಲ ತಂಡದ ಬೆಂಚಿನ ತುದಿಯಲ್ಲಿ ಕೂತ ರಂಗರಾಜು ಹೀಗೆ ಯೋಚಿಸುತ್ತಿದ್ದರೆ, ಅವನ ಎದುರಿಗೆ ಕೊಳ್ಳೇಗಾಲ ಮತ್ತು ಯಳಂದೂರು ಕಾಲೇಜುಗಳ ಬಾಸ್ಕೆಟ್‌ಬಾಲ್ ಫೈನಲ್ ಕುದಿಯುತ್ತಿತ್ತು. ಹೊನ್ನೂರು, ಅಗರದಿಂದ ಆಟೋಗಳಲ್ಲಿ ಬಂದ ಯಳಂದೂರಿನ ಕಡೆಯವರು ಒಂದು ಬದಿ. ಕೊಳ್ಳೇಗಾಲ, ಹನೂರಿನವರು ಇನ್ನೊಂದು ಬದಿ. ಕಾಲೇಜಿನ ನೀರಿನ ಟ್ಯಾಂಕಿನ ಮೇಲೂ ನಾಲ್ಕು ಜನ ಕೂತಿದ್ದರು.

ಕಾಲೇಜಿನ ಗೋಡೆಯಾಚೆ ದನದ ಸಂತೆ. ಸಂತೆಯ ದಲ್ಲಾಳಿಗಳು ಮೊದಮೊದಲು ಗೋಡೆ ಹತ್ತಿ ಆಟ ನೋಡುತ್ತಿದ್ದರು, ಆಮೇಲೆ ಗೇಟಿನಿಂದಲೇ ಬಂದು ಮುಂದಿನ ಸಾಲು ಹಿಡಿದರು. ಹುಡುಗರ ನಡಿಗೆ, ಎದೆ, ಹೆಗಲು, ಕೊಂಬೊಂದನ್ನು ಬಿಟ್ಟು ಎಲ್ಲವನ್ನೂ ಅಳೆದರು. ಬರಿಯ ಓಟ ನೋಡಿ ಎತ್ತು ಕೊಳ್ಳುವ ಜನ ಅವರಲ್ಲ. ಹಾಗಾಗಿ ಆಟಕ್ಕೆ ಹತ್ತು, ನಡತೆಗೆ ಹತ್ತು, ಓದಿಗೆ ಹತ್ತು ಎಂದು ಅಂಕ ಹಾಕುವ ಪದ್ಧತಿ ಬಂತು. ಗೆದ್ದ ತಂಡದಲ್ಲಿ, ಆಟ ಮುಗಿದಾಗ ಅಂಕಣದಲ್ಲಿ ನಿಂತಿರುವ ಐವರಿಗೆ ಮಾತ್ರ. ಮೊದಲು ಅಂಕ ಕೊಡುವವರೇ ಕೂಗಿ ಹೇಳುತ್ತಿದ್ದರು. ಒಂದು ವರ್ಷ ಅದರಿಂದ ಜಗಳವಾಗಿ ಹದಿನೇಳು ಕುರ್ಚಿ ಮುರಿದವು. ಅಂದಿನಿಂದ ದಲ್ಲಾಳಿಗಳು ತಮ್ಮ ಸಂತೆಯ ರೀತಿಯನ್ನೇ ತಂದರು: ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳುವುದು. ಹಿಡಿದ ಬೆರಳು ಹೊರಗಿನವರಿಗೆ ಕಾಣುವುದಿಲ್ಲ; ದಲ್ಲಾಳಿ ಓದಿ ಹೇಳಿದ್ದರ ಮೇಲೆ ಯಾರೂ ಜಗಳ ತೆಗೆಯುವುದಿಲ್ಲ.

ಆಟದ ಅಂಕ ಕೊಡುವವನು, ಪಕ್ಷಪಾತ ಬೇಡವೆಂದು, ಸೋತ ಊರಿನ ಹಿರಿಯ. ನಡತೆಯದು ಗೇಟಿನ ಬಳಿ ಇಡ್ಲಿ ಅಂಗಡಿಯಿಟ್ಟ ಚನ್ನಾಜಮ್ಮನದು. ಯಾವ ಹುಡುಗ ತಟ್ಟೆ ಎತ್ತಿಡುತ್ತಾನೆ, ಯಾವನು ಒದ್ದು ಹೋಗುತ್ತಾನೆ ಎಂದು ಆಕೆಗಿಂತ ಬಲ್ಲವರಿಲ್ಲ. ಓದಿನದು ಕಾಮರ್ಸ್ ಮೇಷ್ಟ್ರು ಸದಾಶಿವಪ್ಪನವರದು. ಮೂವರ ಬೆರಳನ್ನೂ ಟವೆಲ್ಲಿನೊಳಗೆ ಓದಿ ಮೈಕಿನಲ್ಲಿ ಹೇಳುವವನು ಬಂಡಳ್ಳಿಯ ಪುಟ್ಟಸಿದ್ದಯ್ಯ. ನಲವತ್ತು ವರ್ಷದ ದಲ್ಲಾಳಿತನದಲ್ಲಿ ಒಂದು ಬೆರಳನ್ನೂ ತಪ್ಪಾಗಿ ಓದಿಲ್ಲವೆಂಬ ಹೆಸರು. ಅವನಿಗಿದ್ದ ಆಸ್ತಿ ಅದೊಂದೇ.

ಆ ಪುಟ್ಟಸಿದ್ದಯ್ಯನೇ ರಂಗರಾಜುವಿನ ಅಪ್ಪ.

ರಂಗರಾಜು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮೂರು ಸಲ ಫೇಲಾಗಿದ್ದ. ಅಪ್ಪ ಪ್ರತಿ ಸಲವೂ "ರಿಜಲ್ಟ್ ಏನಾಯ್ತ್ಲಾ?" ಎಂದು ಕೇಳಿದಾಗ ಅವನು ಬಗ್ಗಿ ಷೂ ಲೇಸು ಕಟ್ಟಿಕೊಳ್ಳುತ್ತಿದ್ದ. ಬಗ್ಗಿದ ತಲೆಯನ್ನು ವಿನಯವೆಂದು ತಿಳಿದ ಅಪ್ಪ, ಪಾಸೆಂದು ತಾನೇ ತೀರ್ಮಾನಿಸಿ ಬಂಡಳ್ಳಿಯಿಂದ ಹನೂರಿನವರೆಗೆ ಹೇಳಿಕೊಂಡು ಬರುತ್ತಿದ್ದ. ಮೂರು ಸಲ ಫೇಲು, ಮೂರು ಸಲ ಲೇಸು.

ಇವತ್ತು ಬೆಳಿಗ್ಗೆ ಸದಾಶಿವಪ್ಪ ಸಾರ್ ಅವನನ್ನು ವರಾಂಡದಲ್ಲಿ ನಿಲ್ಲಿಸಿದ್ದರು.

"ನಿಮ್ಮಪ್ಪನಿಗೆ ನೀನಾಗೇ ಹೇಳ್ಬಿಡಪ್ಪ. ಇವತ್ತೇನಾದ್ರೂ ನಿನ್ನ ಲೆಕ್ಕಕ್ಕೆ ನನ್ನ ಕೈ ಟವೆಲ್ ಕೆಳಗೆ ಹೋಯ್ತು ಅಂದ್ರೆ, ಇರೋದನ್ನೇ ಹಿಡಿಯೋದು ನಾನು."

ರಂಗರಾಜು ಬಗ್ಗಿ ಲೇಸು ಕಟ್ಟಿದ.

ಅವನಿಗಿದ್ದ ಒಂದೇ ಧೈರ್ಯವೆಂದರೆ ಈ ಬೆಂಚು. ಎತ್ತರ ನೋಡಿ ತಂಡಕ್ಕೆ ಸೇರಿಸಿದ್ದ ಪಿ.ಟಿ. ಮಾಸ್ತರರು ಆಟ ನೋಡಿ ಬೆಂಚಿಗೆ ಸೇರಿಸಿದ್ದರು. ಎರಡು ವರ್ಷದಿಂದ ಅವನು ಆ ಬೆಂಚನ್ನು ಬಿಟ್ಟೆದ್ದಿರಲಿಲ್ಲ.

ಆದರೆ ಇವತ್ತು ಬೆಂಚೇ ಅವನನ್ನು ಬಿಟ್ಟಿತು. ಮೊದಲು ಒಬ್ಬ ಐದು ಫೌಲ್ ಮಾಡಿ ಹೊರಬಿದ್ದ. ಅವನ ಜಾಗಕ್ಕೆ ಹೋದವನ ಕಾಲು ಉಳುಕಿತು. ಪಿ.ಟಿ. ಮಾಸ್ತರರು ಬೆಂಚಿನತ್ತ ತಿರುಗಿದರು. ಅಲ್ಲಿ ಒಂದು ನೀರಿನ ಕ್ಯಾನೂ ರಂಗರಾಜುವೂ ಇದ್ದರು. ಮಾಸ್ತರರು ಕ್ಷಣಕಾಲ ಇಬ್ಬರನ್ನೂ ನೋಡಿದರು.

"ಏಳಯ್ಯ!"

"ಸಾ, ಒಟ್ಟೆ ನೋವು ಸಾ."

ಈ ಮಾತು ಚನ್ನಾಜಮ್ಮನ ಕಿವಿಗೆ ಬೀಳಬಾರದಿತ್ತು. ಆಕೆ ಸೋಡಾಕ್ಕೆ ನಿಂಬೆ ಹಿಂಡಿ, ಒಂದು ಹಿಡಿ ಜೀರಿಗೆ ಸುರಿದುಕೊಂಡು ಓಡಿಬಂದಳು. "ಕುಡಿಯೋ ನನ್ನಪ್ಪ, ಒಂದೇ ಗುಟುಕ್ಗೆ! ಒಟ್ಟೆ ನೋವು ಓಗ್ನಿಲ್ಲ ಅಂದ್ರೆ ನನ್ನೆಸ್ರು ಚನ್ನಾಜಿ ಅಲ್ಲ."

ಇಲ್ಲದ ನೋವು ಹೋಯಿತು. ಇದ್ದ ಧೈರ್ಯವೂ ಹೋಯಿತು. ಮೊದಲ ಸಾಲಿನಲ್ಲಿ ಅಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಗಾಳಿಯಲ್ಲಿ ತಿರುಗಿಸುತ್ತಿದ್ದ. "ನಮ್ ಉಡುಗ ಕಣ್ರಪ್ಪೋ! ನಮ್ ಉಡುಗ ಇಳ್ದ!"

ಅಂಕಣಕ್ಕೆ ಕಾಲಿಟ್ಟ ರಂಗರಾಜುವಿಗೆ ಒಂದು ಉಪಾಯ ಹೊಳೆಯಿತು. ಬೇಗ ಬೇಗ ಐದು ಫೌಲ್ ಮಾಡಿದರೆ ತನ್ನನ್ನೂ ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದವನಿಗೆ ಅಂಕವಿಲ್ಲ. ಯಳಂದೂರಿನ ಉದ್ದನೆಯ ಆಟಗಾರ ಚೆಂಡು ಪುಟಿಸುತ್ತ ಬರುತ್ತಿದ್ದಂತೆ ಇವನು ಕಣ್ಣು ಮುಚ್ಚಿ ಅವನ ಮೇಲೆ ನುಗ್ಗಿದ. ಅವನು ಗಾಬರಿಯಾಗಿ ಪಕ್ಕಕ್ಕೆ ಸರಿದ. ಚೆಂಡು ಮಾತ್ರ ಅಲ್ಲೇ ಉಳಿಯಿತು. ಕಣ್ಣು ಬಿಟ್ಟಾಗ ಅದು ರಂಗರಾಜುವಿನ ಕೈಯಲ್ಲಿತ್ತು. ಬಿಸಿ ಮುದ್ದೆ ಮುಟ್ಟಿದವನಂತೆ ಅದನ್ನು ಎಸೆದ. ನಾಯಕ ಮಹದೇವಪ್ರಸಾದ್ ಹಿಡಿದು ಬುಟ್ಟಿಗೆ ಹಾಕಿದ.

"ನೋಡ್ದಾ ಕಿತ್ಕಂಡಿದ್ದ! ಕಿತ್ಕಂಡೂ ತಾನ್ ಆಕ್ನಿಲ್ಲ, ಕೊಟ್ಬುಟ್ಟ!" ಒಬ್ಬ ಕೂಗಿದ.

"ದುರಾಸೆ ಅನ್ನೋದೇ ಇಲ್ಲ ಕಣ್ಲಾ ಈ ಮಗೀಗೆ!" ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಸಲ ಕಣ್ಣು ಬಿಟ್ಟುಕೊಂಡೇ ಗುದ್ದಿದ. ಸೀಟಿ ಕೂಗಿತು, ಫೌಲ್. ಆದರೆ ಬಿದ್ದ ಹುಡುಗನ ಮೊಣಕೈ ತರಚಿದ್ದು ಕಂಡು ಜೀವ ತಡೆಯದೆ ಬಗ್ಗಿ, "ಪೆಟ್ಟಾಯ್ತೇನಣ್ಣ?" ಎಂದುಬಿಟ್ಟ. ಯಳಂದೂರಿನ ಕಡೆಯವರೇ ಚಪ್ಪಾಳೆ ತಟ್ಟಿದರು. ದಿಕ್ಕೆಟ್ಟು, ಅಭ್ಯಾಸಬಲದಿಂದ, ಆಟದ ನಡುವೆಯೇ ಲೇಸು ಕಟ್ಟಲು ಬಗ್ಗಿದ. ಅವನ ತಲೆಗೆ ಬಡಿಯಬೇಕಿದ್ದ ಚೆಂಡು ಮೇಲಿನಿಂದ ಹಾದು ನೇರ ಮಹದೇವಪ್ರಸಾದನಿಗೆ ಸಿಕ್ಕಿತು. ಮತ್ತೆ ಎರಡು ಪಾಯಿಂಟು.

"ಬೆನ್ನಿಂದೆ ಏನ್ ಬತ್ತದೆ ಅಂತ ಗೊತ್ತಾಯ್ತದೆ ಕಣ್ರಿ ಅವ್ನಿಗೆ!" ಎಂದು ಹೊನ್ನೂರಿನ ಶಿವಯ್ಯ, ಎದುರಾಳಿಗಳ ಹಿರಿಯ, ಬಾಯಿಬಿಟ್ಟು ಹೇಳಿದ.

ಕೊನೆಗೆ ಆರು ಸೆಕೆಂಡು ಉಳಿದಿತ್ತು. ಯಳಂದೂರು ಒಂದು ಪಾಯಿಂಟು ಮುಂದೆ. ಚೆಂಡಿನಿಂದ ತಪ್ಪಿಸಿಕೊಂಡು ಓಡುತ್ತಿದ್ದ ರಂಗರಾಜುವಿಗೆ ಚೆಂಡು ಬಂದು ಸಿಕ್ಕಿತು. ಆ ಉದ್ದನೆಯವನು ಮೇಲೆ ಬಿದ್ದ. ಸೀಟಿ. ರಂಗರಾಜುವಿಗೆ ಎರಡು ಫ್ರೀ ಥ್ರೋ.

ಗೋಡೆಯಾಚೆ ಒಂದು ಕರು ಕೂಗಿದ್ದು ಕೇಳಿಸಿತು. ಗೆರೆಯ ಮೇಲೆ ನಿಂತು ರಂಗರಾಜು ಯೋಚಿಸಿದ. ಎರಡೂ ತಪ್ಪಿದರೆ ಸೋಲು. ಸೋತರೆ ಅಂಕ ಯಳಂದೂರಿನವರಿಗೆ. ಟವೆಲ್ಲಿಲ್ಲ, ಬೆರಳಿಲ್ಲ, ಅಪ್ಪನ ಮುಖ ಇದ್ದಂತೆಯೇ ಇರುತ್ತದೆ. ತಂಡಕ್ಕೆ ದ್ರೋಹ, ನಿಜ. ಆದರೂ ಅಭ್ಯಾಸದಲ್ಲಿ ತನ್ನದು ಹತ್ತಕ್ಕೆ ಒಂದು ಬೀಳುವುದು, ಪ್ರಯತ್ನಪಟ್ಟರೂ ತಪ್ಪುತ್ತದೆ. ಎರಡೂ ಬೀಳುವ ಸಂಭವ ಎಷ್ಟು ಎಂದು ಲೆಕ್ಕ ಹಾಕಲು ಹೋದ. ಆಗಲಿಲ್ಲ. ಅದೇ ಪಾಠದಲ್ಲಿ ಅವನು ಮೂರು ಸಲ ಫೇಲಾಗಿದ್ದ.

ಮೊದಲನೆಯದನ್ನು ಹಲಗೆ ಒಡೆಯುವಂತೆ ಬೀಸಿದ. ಹಲಗೆಗೆ ಬಡಿದ ಚೆಂಡು, ಹೇಳಿ ಕಳಿಸಿದಂತೆ ಬುಟ್ಟಿಯೊಳಗೆ ಬಿತ್ತು. ಎರಡನೆಯದನ್ನು ರಿಂಗಿನ ಹೊರ ಅಂಚಿಗೇ ಗುರಿಯಿಟ್ಟ. ಅದು ಅಂಚಿನ ಮೇಲೆ ಕುಣಿಯಿತು, ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಜಾಗ ಹುಡುಕುವ ನಾಯಿಯಂತೆ ಅತ್ತಿತ್ತ ನೋಡಿ ಒಳಗೇ ಇಳಿಯಿತು.

ಉಳಿದ ಆರು ಸೆಕೆಂಡಿನಲ್ಲಿ ಯಳಂದೂರಿನವರು ಎಸೆದ ಚೆಂಡು ಟ್ಯಾಂಕಿನ ಮೇಲೆ ಕೂತವನಿಗೆ ಹೋಗಿ ತಾಗಿತು. ಕೊಳ್ಳೇಗಾಲ ಗೆದ್ದಿತ್ತು.

ಜನ ರಂಗರಾಜುವನ್ನು ಹೆಗಲ ಮೇಲೆ ಹೊತ್ತು ತಂದು ಟವೆಲ್ಲಿನ ಮುಂದೆ ಇಳಿಸಿದರು. ಮೈಕು ಬಂತು. ನಾಯಕ ಮಹದೇವಪ್ರಸಾದನಿಗೆ ಆಟಕ್ಕೆ ಹತ್ತು, ತಟ್ಟೆ ಒದೆಯುವವನಾದ್ದರಿಂದ ನಡತೆಗೆ ಐದು, ಓದಿಗೆ ಒಂಬತ್ತು; ಒಟ್ಟು ಇಪ್ಪತ್ತನಾಲ್ಕು. ಇನ್ನು ಮೂವರು ಅದಕ್ಕಿಂತ ಕೆಳಗೆ. ಕೊನೆಗೆ ರಂಗರಾಜು.

ಹೊನ್ನೂರಿನ ಶಿವಯ್ಯ ಟವೆಲ್ಲಿನೊಳಗೆ ಕೈಯಿಟ್ಟ. "ಆಟಕ್ಕೆ ಒಂಬತ್ತು!" ಅಪ್ಪನ ದನಿ ಮೈಕಿನಲ್ಲಿ ಗುಡುಗಿತು. ಚನ್ನಾಜಮ್ಮ ಕೈಯಿಟ್ಟಳು. "ನಡ್ತೆಗೆ ಅತ್ತು!" ಜನ ಕುಣಿದರು.

ಸದಾಶಿವಪ್ಪ ಸಾರ್ ಕನ್ನಡಕ ಸರಿಮಾಡಿಕೊಂಡು, ರಂಗರಾಜುವನ್ನು ಒಮ್ಮೆ ನೋಡಿ, ಟವೆಲ್ಲಿನೊಳಗೆ ಕೈಯಿಟ್ಟರು.

ರಂಗರಾಜು ಅಪ್ಪನ ಮುಖವನ್ನೇ ನೋಡಿದ. ಅಪ್ಪನ ಹುಬ್ಬು ಗಂಟಾಯಿತು. ಟವೆಲ್ಲಿನ ಕೆಳಗೆ ಇನ್ನೊಮ್ಮೆ ತಡವಿದ. ಆಮೇಲೆ ನಿಧಾನವಾಗಿ ತಲೆಯೆತ್ತಿ ಮಗನನ್ನು ದಿಟ್ಟಿಸಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಮುಗಿಯಿತು ಎಂದುಕೊಂಡ ರಂಗರಾಜು.

"ಓದ್ಗೆ..." ಅಪ್ಪ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. "ಓದ್ಗೆ ಪೂರಾ ಅತ್ತು ಕಣ್ರಪ್ಪೋ!"

ಮೈದಾನ ಸಿಡಿಯಿತು. ಇಪ್ಪತ್ತೊಂಬತ್ತು! ಆ ಮೈದಾನದಲ್ಲಿ ಯಾರೂ ಮುಟ್ಟದ ಅಂಕ. ಗದ್ದಲದ ನಡುವೆ ಸದಾಶಿವಪ್ಪ ಸಾರ್ ಜನರನ್ನು ತಳ್ಳಿಕೊಂಡು ರಂಗರಾಜುವಿನ ಕಿವಿಗೆ ಬಾಯಿಟ್ಟರು. "ಏನಯ್ಯ ಇದು? ನಾನು ಹಿಡಿದದ್ದು ಒಂದೇ ಒಂದು ಬೆರಳು!"

ರಂಗರಾಜು ಉತ್ತರಿಸುವ ಮೊದಲೇ ಅಪ್ಪ ಬಂದು ಸಾರ್ ಅವರ ಎರಡೂ ಕೈಗಳನ್ನು ಹಿಡಿದುಕೊಂಡ.

"ಸಾ, ಎಂಥಾ ದೊಡ್ ಮನ್ಸ ಸಾ ನೀವು! ಮೊದ್ಲು ನಂಗೇ ತಿಳೀನಿಲ್ಲ. ಒಂದು ಬೆಳ್ಳು ಇಡುದ್ರಿ. ಸಂತೇಲಿ ಒಂದು ಬೆಳ್ಳು ಅಂದ್ರೆ ಒಂದೂ ಆಯ್ತದೆ, ಅತ್ತೂ ಆಯ್ತದೆ. ಎದ್ರುಗೆ ನಿಂತಿರೋ ರಾಸು ನೋಡ್ಕಂಡು ತಿಳ್ಕಬೇಕು. ನಮ್ ಉಡುಗನ್ ಮುಖ ನೋಡ್ದೆ. ಇವತ್ತು ಇಂಗೆ ಆಡ್ದೋನ್ಗೆ ಯಾವ ಮೇಷ್ಟ್ರು ಒಂದ್ ಕೊಟ್ಟಾರು, ನೀವೇ ಯೋಳಿ ಸಾ? ಅಲ್ಲಿಗೆ ಅತ್ತೇ ಅಂತ ಗೊತ್ತಾಯ್ತು. ನಲ್ವತ್ತು ವರ್ಸದಲ್ಲಿ ಒಂದು ಬೆಳ್ಳೂ ತಪ್ಪಾಗಿ ಓದಿಲ್ಲ ನಾನು!"

ಸದಾಶಿವಪ್ಪ ಸಾರ್ ಬಾಯಿ ತೆರೆದರು. ಆ ಒದ್ದೆ ಕಣ್ಣುಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸತೊಡಗಿದರು. ಇಪ್ಪತ್ತೆರಡು ವರ್ಷ ಒಂದು ಗ್ರೇಸ್ ಅಂಕವನ್ನೂ ಕೊಡದವರ ಕೈಯಿಂದ ಒಂದೇ ಸಲಕ್ಕೆ ಒಂಬತ್ತು ಜಾರಿಹೋಗಿತ್ತು.

ರಂಗರಾಜುವಿನ ಎದೆಯ ಮೇಲಿನ ಕಲ್ಲು ಇಳಿಯುವಷ್ಟರಲ್ಲಿ ಚನ್ನಾಜಮ್ಮ ಮೊಮ್ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಪುಟ್ಟಸಿದ್ದಣ್ಣ, ನಮ್ ಕವಿತ ಅದೇನೋ ಸ್ಟಾಟಿಟಿಕ್ಸು ಅನ್ನೋದ್ರಲ್ಲಿ ಫೇಲಾಗ್ಬುಟ್ಟವ್ಳೆ. ಓದ್ಗೆ ಪೂರಾ ಅತ್ತು ತಕಂಡಿರೋ ಉಡುಗ, ಸೋಮ್ವಾರದಿಂದ ಒಂದ್ ಗಂಟೆ ಯೋಳ್ಕೊಡ್ಲಿ. ಇಡ್ಲಿ ಎಷ್ಟ್ ಬೇಕಾರೂ ತಿನ್ಲಿ."

"ಬತ್ತಾನೆ ಬುಡವ್ವ, ದಿನಾ ಬತ್ತಾನೆ!" ಎಂದ ಅಪ್ಪ. ಅದನ್ನು ಕೇಳಿದ ಇನ್ನೂ ನಾಲ್ವರು ತಮ್ಮ ತಮ್ಮ ಫೇಲಾದ ಮಕ್ಕಳ ಹೆಸರು ಹೇಳಿದರು. ಅಪ್ಪ ಎಲ್ಲರಿಗೂ ಬತ್ತಾನೆ ಎಂದ.

"ಅಣ್ಣ, ಪರೀಕ್ಷೆ ಹದಿನಾಲ್ಕನೇ ತಾರೀಕು. ನಿಮಗೆ ಗೊತ್ತಾ?" ಕವಿತ ಕೇಳಿದಳು.

"ಅವನಿಗೆ ಚೆನ್ನಾಗಿ ಗೊತ್ತಮ್ಮ," ಎಂದರು ಸದಾಶಿವಪ್ಪ ಸಾರ್ ದೂರಕ್ಕೆ ನೋಡುತ್ತ. "ಫೇಲಾದೋರಿಗೆಲ್ಲ ಒಂದೇ ರೂಮು. ಹದಿನಾಲ್ಕಕ್ಕೆ ಎಲ್ರೂ ಅಲ್ಲೇ ಸಿಗ್ತೀರಿ."

"ಎಲ್ರೂ ಅಂದ್ರೆ ಯಾರ್ಯಾರು ಸಾ?" ಅಪ್ಪ ಕೇಳಿದ.

ರಂಗರಾಜು ಲೇಸು ಕಟ್ಟಲು ಬಗ್ಗಿದ. ಅಷ್ಟರಲ್ಲಿ ನಾಲ್ಕು ಜನ ಅವನ ಕಾಲಿಗೆ ಕೈಹಾಕಿ ಷೂಗಳನ್ನೇ ಕಳಚಿಕೊಂಡರು. ಅತಿ ಹೆಚ್ಚು ಅಂಕ ತೆಗೆದವನ ಷೂಗಳನ್ನು, ಗೆದ್ದ ಎತ್ತಿನ ಗೆಜ್ಜೆಯಂತೆ, ಚನ್ನಾಜಮ್ಮನ ಅಂಗಡಿಯ ಮುಂದೆ ನೇತುಹಾಕುವುದು ಈ ಅಭಿಮಾನಿಗಳ ವಾಡಿಕೆ.

ಸಂಜೆ ಹನೂರಿನ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು, ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ. ಹತ್ತಿದವರಿಗೆಲ್ಲ ಇಪ್ಪತ್ತೊಂಬತ್ತರ ಕತೆ ಹೇಳಿ ಹೇಳಿ ದನಿ ಬಿದ್ದುಹೋಗಿತ್ತು. ಬಸ್ಸು ಊರು ದಾಟಿದ ಮೇಲೆ ಮಗನ ಕಡೆಗೆ ತಿರುಗಿದ.

"ಅಲ್ಲ ಕಣ್ಲಾ, ಆ ಸ್ಟಾಟಿಟಿಕ್ಸ್‌ನಲ್ಲಿ ನಿಂಗೆ ಎಷ್ಟ್ ಬಂದಿತ್ತು? ನೀನು ಯೋಳೇ ಇಲ್ವಲ್ಲ."

ರಂಗರಾಜು ಬಗ್ಗಿದ. ಕಾಲಲ್ಲಿ ಪಿ.ಟಿ. ಮಾಸ್ತರರ ಹವಾಯಿ ಚಪ್ಪಲಿಗಳಿದ್ದವು. ಕಟ್ಟಲು ಅಲ್ಲಿ ಏನೂ ಇರಲಿಲ್ಲ. ಆದರೂ ಬಂಡಳ್ಳಿ ಬರುವವರೆಗೂ ಅವನು ತಲೆ ಎತ್ತಲಿಲ್ಲ.