ಬ್ಯಾಂಟಮ್ಮನ ಮಗಳ ಹಸಿರು ಮೊಟ್ಟೆ

ಕೊಕ್ಕೊಕ್ಕೊಕ್ಕೊ... ಕೊಕ್ಕೋ!

ಮೊಟ್ಟೆಯಿಟ್ಟ ಹೇಟೆ ಊರಿಗೆಲ್ಲ ಸಾರುವ ಆ ಸದ್ದು ಕೇಳಿದಾಗ ನಾನು ಅರ್ಧ ಗಲ್ಲಕ್ಕೆ ನೊರೆ ಬಳಿದುಕೊಂಡು ಕನ್ನಡಿಯ ಮುಂದೆ ಕೂತಿದ್ದೆ. ಒಂದೂವರೆ ವರ್ಷದಿಂದ ನಾನು ಕಾದಿದ್ದ ಸದ್ದು! ಆದರೆ ಅದು ನಮ್ಮ ಹಿತ್ತಿಲಿನಿಂದ ಬರಲಿಲ್ಲ. ಪಕ್ಕದ ಮನೆ ಇಂದ್ರಮ್ಮನವರ ಹೊಸ್ತಿಲಿನಿಂದ ಬಂತು.

ನನ್ನ ಸಂಕಲ್ಪ ಸಣ್ಣದೇನಲ್ಲ. ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದ ಆ ದಿನಗಳಲ್ಲಿ, ಇಡೀ ಮೈಸೂರು ರಾಜ್ಯವೇ ಕಾಣದ ಕೋಳಿಯನ್ನು ಸೃಷ್ಟಿಸುತ್ತೇನೆಂದು ಹೊರಟವನು ನಾನು. ಅಂಗೈಯಗಲದ ಮೈ, ಹಸಿರು ಮೊಟ್ಟೆ, ಕೋಳಿಗಳನ್ನು ಸಾಲಾಗಿ ಕೆಡವುವ ಕೊಕ್ಕರೆ ರೋಗಕ್ಕೂ ಜಗ್ಗದ ಗಟ್ಟಿ ಪ್ರಾಣ! ಊರು ಬಿಟ್ಟು ಹೊರಟಿದ್ದ ಬಿಳಿ ದೊರೆಯೊಬ್ಬನ ಬಂಗಲೆಯಿಂದ, ಹಸಿರು ಮೊಟ್ಟೆಯ ವಂಶದಲ್ಲಿ ಹುಟ್ಟಿದ ಗಿಡ್ಡ ಹುಂಜವನ್ನು ತಂದೆ.

"ಗಿಡ್ಡ ತಳಿ, ಇದು ಬ್ಯಾಂಟಮ್ ಕಣೇ," ಎಂದೆ ಹೆಂಡತಿ ಮುನಿತಾಯಮ್ಮನಿಗೆ.

"ಯಾವ ಬ್ಯಾಂಟಮ್ಮ? ಹುಂಜಕ್ಕೆ ಯಾರಾದ್ರೂ ಅಮ್ಮ ಅಂತಾರೇನ್ರೀ?"

ಅಂದಿನಿಂದ ಆ ಗಂಡುಗಲಿ ನಮ್ಮ ಮನೆಯಲ್ಲಿ ಬ್ಯಾಂಟಮ್ಮನೇ ಆದ. ಅವನಿಗೆ ಹೊಸಹಳ್ಳಿಯ ನಾಟಿ ಹೇಟೆಯೊಂದನ್ನು ಜೋಡಿ ಮಾಡಿದೆ. ಕೊಕ್ಕರೆ ರೋಗ ಬಂದು ಬೀದಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಬಿದ್ದಾಗ, ಅವರ ಮರಿಗಳಲ್ಲಿ ಒಬ್ಬಳು ಮಾತ್ರ ಏನೂ ಆಗದವಳಂತೆ ಕಾಳು ಹೆಕ್ಕುತ್ತಿದ್ದಳು. ಅವಳೇ ಪಚ್ಚೆ. ಅವಳಿಗೆ ದಿನಾ ನನ್ನ ಕೈಯಿಂದಲೇ ಕಾಳು ಹಾಕುತ್ತಿದ್ದೆ.

ಆ ಪಚ್ಚೆ ಈಗ ಮೊದಲ ಮೊಟ್ಟೆ ಇಟ್ಟಿದ್ದಳು. ಹಸಿರೋ, ಬಿಳಿಯೋ? ನೊರೆಯ ಮುಖದಲ್ಲೇ ಓಡಿದೆ.

ಹಸಿರು! ಎಳೆ ಬಾಳೆಸುಳಿಯ ಹಸಿರು!

ನನಗಿಂತ ಮೊದಲು ಅದನ್ನು ಇಂದ್ರಮ್ಮ ನೋಡಿದ್ದರು. ಹೊಸ್ತಿಲ ಮೇಲೆ ಬಣ್ಣದ ಮೊಟ್ಟೆ ಕಂಡರೆ ಅದರರ್ಥ ನಮ್ಮ ಕಡೆ ಎಳೆ ಮಗುವಿಗೂ ಗೊತ್ತು.

"ಅಯ್ಯಯ್ಯೋ, ನಮ್ಮನೆಗೆ ಯಾರೋ ಮಾಟ ಮಾಡ್ಸವ್ರೆ!"

"ಇಂದ್ರಮ್ಮನೋರೇ, ಅದು ನಮ್ಮ ಕೋಳಿ ಇಟ್ಟಿದ್ದು."

"ಹಸ್ರು ಮೊಟ್ಟೆ ಇಡೋಕೆ ಅದೇನು ಕೋಳಿನೋ, ಗಿಳಿನೋ? ಅಲ್ಲಾ, ಮುಖಕ್ಕೆ ಬೆಳ್ಳಗೆ ಬಳ್ಕೊಂಡು ಬಂದಿದೀರಲ್ಲ, ನೀವೇ ಮಾಡ್ಸಿದ್ದಾ?"

ಹತ್ತು ನಿಮಿಷದಲ್ಲಿ ಅವರ ಬಾವಿಯ ಗೇಟಿಗೆ ಬೀಗ ಬಿತ್ತು. ಇನ್ನೂ ನಲ್ಲಿ ಕಾಣದ ನಮ್ಮ ಬೀದಿಗೆ ಇದ್ದದ್ದು ಅದೊಂದೇ ಬಾವಿ! ಮುನಿತಾಯಮ್ಮ ಖಾಲಿ ಬಿಂದಿಗೆಯನ್ನು ನನ್ನ ಮುಂದೆ ಕುಕ್ಕಿದಳು.

"ಹಂಡೇಲಿರೋ ನೀರು ಇವತ್ತಿಗೆ ಸಾಕು. ನಾಳೆ ಮಧ್ಯಾಹ್ನದೊಳಗೆ ಬೀಗ ತೆಗೀದಿದ್ರೆ ಬ್ಯಾಂಟಮ್ಮನೂ ಅವನ ಮಗಳೂ ಕೆಂಗೇರಿಗೆ, ನಮ್ಮಣ್ಣನ ಮನೆಗೆ!"

"ನಿಮ್ಮಣ್ಣ ಸಾಕ್ತಾನಾ?"

"ಸಾರು ಮಾಡ್ತಾನೆ!"

ಮರುದಿನ ಆಫೀಸಿಗೆ ರಜೆ ಹಾಕಿದೆ. ಕಾರಣ: 'ಮನೆಯಲ್ಲಿ ಹೆರಿಗೆ'. ಸುಳ್ಳೇನಲ್ಲವಲ್ಲ! ಅಷ್ಟರಲ್ಲಿ ಇಂದ್ರಮ್ಮ ಮಾಟ ತೆಗೆಸಲು ಲಗ್ಗೆರೆಯಿಂದ ಚಿಕ್ಕಮುನಿಯಪ್ಪನನ್ನು ಕರೆಸಿದ್ದರು. ನಾನು ಇಬ್ಬರಿಗೂ ಕೈಮುಗಿದೆ. "ಕಣ್ಣಾರೆ ನೋಡಿ, ಆಮೇಲೆ ಹೇಳಿ."

ನಮ್ಮ ಹಿತ್ತಿಲಲ್ಲಿ ಪಚ್ಚೆಯ ಬುಟ್ಟಿಯ ಸುತ್ತ ನಾಲ್ವರೂ ಉಸಿರು ಬಿಗಿಹಿಡಿದು ಕೂತೆವು. ಪಚ್ಚೆ ಹುಲ್ಲು ಸರಿಮಾಡಿಕೊಂಡಳು. ಎದ್ದಳು. ಕೂತಳು. ಮುನಿತಾಯಮ್ಮ ಸೂರ್ಯನನ್ನೊಮ್ಮೆ, ಬಿಂದಿಗೆಯನ್ನೊಮ್ಮೆ ನೋಡಿದಳು. ಹನ್ನೊಂದೂವರೆಗೆ ಪಚ್ಚೆ ಮೈ ಉಬ್ಬಿಸಿ ಅರ್ಧ ಎದ್ದಳು. ಟಪ್! ಬಿಸಿಬಿಸಿ ಹಸಿರು!

"ನೋಡಿದ್ರಾ!" ಎಂದು ಕುಣಿದೆ.

ಇಂದ್ರಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಮೊಟ್ಟೆಗಲ್ಲ, ಕೋಳಿಗೇ ಮಾಡ್ಸವ್ರಲ್ಲಪ್ಪೋ!"

ನನ್ನ ಕಣ್ಣಮುಂದೆ ಕೆಂಗೇರಿಯ ಸಾರಿನ ಹಬೆ ಎದ್ದಿತು. ಚಿಕ್ಕಮುನಿಯಪ್ಪ ಮಾತ್ರ ಮೊಟ್ಟೆಯನ್ನೆತ್ತಿ ಬಿಸಿಲಿಗೆ ಹಿಡಿದ, ಎಂಜಲು ಹಚ್ಚಿ ಉಜ್ಜಿದ, ಮತ್ತೆ ಉಜ್ಜಿದ. ಆಮೇಲೆ ಕಣ್ಣು ಮುಚ್ಚಿ ಏನೋ ಗೊಣಗಿದ.

"ತಾಯೀ, ಇದು ಮಾಟ ಇಡೋ ಮೊಟ್ಟೆ ಅಲ್ಲ, ತೆಗೆಯೋ ಮೊಟ್ಟೆ. ಈ ಕೋಳಿ ಈ ಬೀದೀಲಿರೋಗಂಟ ನಿಮ್ಮ ಹೊಸ್ತಿಲ ಯಾವ ಗಾಳೀನೂ ದಾಟಾಕಿಲ್ಲ. ಇದನ್ನ ಸಾಕೋ ಮನೆಗೆ ನೀರು ತಪ್ಪಿಸಬ್ಯಾಡಿ."

ಇಂದ್ರಮ್ಮ ಸೊಂಟದಿಂದ ಬೀಗದಕೈ ತೆಗೆದರು. ಮುನಿತಾಯಮ್ಮ ಬಿಂದಿಗೆ ಹಿಡಿದು ಅವರ ಹಿಂದೆಯೇ ಓಡಿದಳು. ನನ್ನ ಪಚ್ಚೆ ಉಳಿದಳು! ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ಕಿವಿಗೆ ಚಿಕ್ಕಮುನಿಯಪ್ಪ ಬಾಯಿಟ್ಟ.

"ಸ್ವಾಮಿ, ಮಾಟಕ್ಕೆ ಅಂತ ಬಿಳಿ ಮೊಟ್ಟೆಗೆ ಸೊಪ್ಪಿನ ರಸ ಬಳಿದು ಬಳಿದು ನನ್ನ ಬೆರಳೇ ಹಸ್ರಾಗವೆ. ಒಂದು ಮಳೆ ಬಂದ್ರೆ ಬಣ್ಣ ಓಯ್ತದೆ. ನಿಮ್ದು ಎಷ್ಟುಜ್ಜಿದ್ರೂ ಓಗಲ್ವಲ್ಲ! ವಾರಕ್ಕೆ ನಾಕು ಕೊಟ್ಬುಡಿ."

"ಛೆ, ಇದು ವಿಜ್ಞಾನ ಕಣಯ್ಯಾ! ತಾಯಿಯ ಗಟ್ಟಿತನ, ತಂದೆಯ ಬಣ್ಣ, ಅನುವಂಶೀಯತೆ ಅಂತ..."

ಅವನು ಹೆಗಲ ಟವೆಲ್ಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ತಗ್ಗಿ ನಿಂತ.

"ಅದೇ ಸ್ವಾಮಿ, ಆ ಮಂತ್ರಾನೇ ನಂಗೂ ಏಳ್ಕೊಡಿ. ನಿಮ್ಮ ಗುರುಗಳು ಯಾವೂರೋರು?"

ನಾನು ದಿಕ್ಕುಗೆಟ್ಟು ಪಚ್ಚೆಯ ಕಡೆ ತಿರುಗಿದೆ. "ನೋಡೇ, ನೀನಾದ್ರೂ..."

ಪಚ್ಚೆ ಮೈ ಕೊಡವಿ, ನನ್ನ ಮಾತು ಮುಗಿಯುವ ಮೊದಲೇ ಬೇಲಿ ನುಸುಳಿ ಇಂದ್ರಮ್ಮನವರ ಹೊಸ್ತಿಲ ಕಡೆ ನಡೆದುಬಿಟ್ಟಳು.