ಕೋಟೆ ಗೋಡೆಯ ನಕಲು

ತಲೆ ನರೆತರೂ ಹಂಗಾಮಿ ಮೇಷ್ಟ್ರ ಕೆಲಸ ಕಾಯಂ ಆಗಿರಲಿಲ್ಲ. ಈ ಸಲ ಶಾಲೆಯ ಸೆಕ್ರೆಟರಿ ಮಾತು ಕೊಟ್ಟಿದ್ದರು: "ಮೂರನೇ ಕ್ಲಾಸಿನವರನ್ನ ಕೋಟೆಗೆ ಕರ್ಕೊಂಡು ಹೋಗಿ ಬನ್ನಿ. ಒಂದು ದೂರೂ ಬರಬಾರದು. ಸಂಜೆ ನಿಮ್ಮ ಆರ್ಡರಿಗೆ ಸಹಿ ಹಾಕ್ತೀನಿ."

ಜೊತೆಗೆ ಬಂದ ಡ್ರಾಯಿಂಗ್ ಟೀಚರ್ ಕೋಟೆ ಬಾಗಿಲಲ್ಲೇ ಕೊಡೆ ಬಿಚ್ಚಿ ಕೂತರು. "ನಾನು ಎಷ್ಟೋ ಸಲ ನೋಡಿದೀನಿ ಸಾರ್, ನೀವು ಹೋಗಿ."

ಒಳಗೆ ಕಾಲಿಟ್ಟದ್ದೇ ತಡ, ಮಕ್ಕಳು ಹರಿದ ಚೀಲದ ಕಡಲೆಯಂತೆ ಚೆಲ್ಲಾಪಿಲ್ಲಿಯಾದವು. ಒಂದು ಮಗು ಫಿರಂಗಿ ಏರಿತು. ಇನ್ನೊಂದು, ಮೊಳೆ ಹುಡುಕಿ ಗೋಡೆ ಕೆತ್ತತೊಡಗಿತು. ಕಾವಲುಗಾರ ದೊಣ್ಣೆ ಹಿಡಿದು ಬಂದ.

"ಏನ್ ಮೇಷ್ಟ್ರೇ, ಇದೇನಾ ನೀವು ಕಲಿಸೋದು? ನಿಮ್ಮ ಸೆಕ್ರೆಟರಿಗೆ ಫೋನ್ ಮಾಡ್ಲಾ?"

ಅಷ್ಟರಲ್ಲಿ ಗೋಡೆಯ ಮೇಲಿನ ಒಂದು ಸವೆದ ಶಾಸನ ಮೇಷ್ಟ್ರ ಕಣ್ಣಿಗೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

"ಮಕ್ಕಳೇ, ಯಾರೂ ಗೋಡೆ ಮುಟ್ಟಬೇಡಿ. ಅದರ ಮೇಲೆ ಕೆತ್ತಿರೋದನ್ನ ಇದ್ದ ಹಾಗೇ ಹಾಳೇಲಿ ನಕಲು ಮಾಡಿ. ಒಂದಕ್ಷರ ಬಿಟ್ಟರೂ ಮಾರ್ಕ್ಸ್ ಇಲ್ಲ."

ಆ ಶಾಲೆಯ ಮಕ್ಕಳಿಗೆ ಬರುತ್ತಿದ್ದ ಒಂದೇ ವಿದ್ಯೆ ನಕಲು. ಬೋರ್ಡಿನ ಮೇಲೆ ನೊಣ ಕೂತರೆ ಅದನ್ನೂ ಬರೆದುಕೊಳ್ಳುತ್ತಿದ್ದವು. ಕ್ಷಣದಲ್ಲಿ ಕೋಟೆ ತಣ್ಣಗಾಯಿತು. ಮೇಷ್ಟ್ರು ಕಲ್ಲಿಗೊರಗಿ, ಕಾಯಂ ಆದ ಸುದ್ದಿಯನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ನಿದ್ದೆ ಹೋದರು. ಬಸ್ಸಿನ ಹಾರನ್ನಿಗೆ ಎಚ್ಚರವಾದಾಗ ಹಾಳೆಗಳನ್ನು ನೋಡದೆಯೇ ಬಾಚಿಕೊಂಡು ಓಡಿದರು.

ಸಂಜೆ ಆಫೀಸಿನಲ್ಲಿ ಸೆಕ್ರೆಟರಿ ಆರ್ಡರ್ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಪಕ್ಕದಲ್ಲಿ ಅವರ ಹೆಂಡತಿ, ಹೆಡ್ ಮೇಡಂ. ಶಾಲೆ ಅವರ ಅಪ್ಪ ಕಟ್ಟಿಸಿದ್ದು. ಗಂಡನಿಗೆ ಆ ಕುರ್ಚಿ ಸಿಕ್ಕಿದ್ದೂ ಮಾವನ ಕೃಪೆಯಿಂದಲೇ.

"ಒಂದು ದೂರೂ ಇಲ್ಲ ಮೇಡಂ. ಮಕ್ಕಳು ಶಾಸನ ಬೇರೆ ನಕಲು ಮಾಡಿದ್ದಾರೆ," ಎಂದು ಮೇಷ್ಟ್ರು ಕೈಕಟ್ಟಿ ನಿಂತರು.

"ಭೇಷ್," ಎಂದು ಮೇಡಂ ಮೇಲಿನ ಹಾಳೆ ಎತ್ತಿಕೊಂಡರು. ಓದಿದರು. ಇನ್ನೊಮ್ಮೆ ಓದಿ, ಗಂಡನ ಮುಂದೆ ಇಟ್ಟರು.

ಮೇಷ್ಟ್ರು ಬಗ್ಗಿ ನೋಡಿದರು. ಒಂದು ಕಡೆ ದುಂಡಕ್ಷರದಲ್ಲಿ ಸೆಕ್ರೆಟರಿಯ ಹೆಸರು, ಇನ್ನೊಂದು ಕಡೆ ಡ್ರಾಯಿಂಗ್ ಟೀಚರ್ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಕೆಳಗೆ ಕಳೆದ ತಿಂಗಳ ತಾರೀಖು. ಮಗು ಒಂದು ಚುಕ್ಕೆಯನ್ನೂ ಬಿಟ್ಟಿರಲಿಲ್ಲ.

"ಹೃದಯ ಚೆನ್ನಾಗಿ ಬಂದಿದೆ. ಪಳಗಿದ ಕೈ," ಎಂದರು ಮೇಡಂ.

ಮೇಡಂ ಗಂಡನ ಕೈಯಿಂದ ಪೆನ್ನು ಕಿತ್ತು ಮುಚ್ಚಳ ಹಾಕಿದರು.

"ನಿಮ್ಮದೇನೂ ತಪ್ಪಿಲ್ಲ ಮೇಷ್ಟ್ರೇ. ಕಾಯಂ ಮಾಡೋಣ ಅಂತಲೇ ಇತ್ತು. ಆದ್ರೆ ಏನ್ಮಾಡೋದು, ಸಹಿ ಹಾಕೋರೇ ಇವತ್ತಿಂದ ಹಂಗಾಮಿ."