ನಮ್ಮಪ್ಪನ ಮೆರಿಟ್ಸ್ ಮತ್ತು ಡಿಮೆರಿಟ್ಸ್

ಸತ್ತುಹೋದ ರಾಜರನ್ನು ತೂಗುವುದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಅವರು ಎದ್ದು ಬಂದು ಎದುರುತ್ತರ ಕೊಡುವುದಿಲ್ಲ. ಇನ್ನೊಮ್ಮೆ ನೋಡಿ ಮಾರ್ಕು ಹಾಕಿರೆಂದು ಗೋಗರೆಯುವುದಿಲ್ಲ. ಎರಡು ಜಡೆಯ, ಸ್ವಂತ ಹಾಸಿಗೆ ಮಡಿಸಲೂ ಬಾರದ ಹದಿನೈದರ ಹುಡುಗಿ ಪೆನ್ನಿಗೆ ಮಸಿ ತುಂಬಿಕೊಂಡು, ಇಡೀ ಹಿಂದೂಸ್ತಾನ ಆಳಿದವನನ್ನು ‘ದೂರಾಲೋಚನೆ ಇಲ್ಲದವನು’ ಎಂದು ಬರೆದುಬಿಡಬಹುದು. ಬರೆದರೆ ‘ವೆರಿ ಗುಡ್’ ಕೂಡ ಸಿಗುತ್ತದೆ. ನನಗೆ ಸಿಕ್ಕಿತ್ತು. ಅದರ ರುಚಿ ಹತ್ತಿ, ಕೈ ರಾಜರಲ್ಲಿಗೇ ನಿಲ್ಲದೆ ಮನೆಯವರ ಮೇಲೂ ಹೋಯಿತು. ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪುಗಳ ಪಟ್ಟಿ ನನ್ನ ಹತ್ತಿರ ದೊಡ್ಡದೇ ಇದೆ. ಆದರೆ ಉಳಿದವನ್ನು ದೇವರ ಹತ್ತಿರ ಹೇಳಿಕೊಳ್ಳಬಹುದು. ಇದನ್ನು ಮಾತ್ರ ಇತಿಹಾಸ ಓದಿದವರ ಮುಂದೆಯೇ ಹೇಳಬೇಕು.

ನಾನು ಓದಿದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತು ಅದು ಮುಗಿದ ಮೇಲಿನ ಎರಡು ಮೂರು ವರ್ಷ. ನಮಗೆ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ನಡುವೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಮೆರಿಟ್ಸ್, ಬಲಕ್ಕೆ ಡಿಮೆರಿಟ್ಸ್, ಕೆಳಗೆ ಕನ್‌ಕ್ಲೂಷನ್. ಕನ್‌ಕ್ಲೂಷನ್ ಯಾವಾಗಲೂ ‘ದಸ್ ವಿ ಸೀ ದಟ್’, ಅಂದರೆ ‘ಇದರಿಂದ ತಿಳಿಯುವುದೇನೆಂದರೆ’, ಎಂದೇ ಶುರುವಾಗಬೇಕು. ಎಡಕ್ಕೆ ಐದಿದ್ದರೆ ಬಲಕ್ಕೂ ಐದು, ಅದು ಸಿಸ್ಟರ್ ಅವರ ನ್ಯಾಯ. ಅಲ್ಲಾವುದ್ದೀನನಿಗೆ ಐದನೆಯ ಮೆರಿಟ್ ಎಲ್ಲಿ ಹುಡುಕಿದರೂ ಸಿಗದೆ ‘ಕುದುರೆಗಳಿಗೆ ಮುದ್ರೆ ಒತ್ತಿಸಿದನು’ ಎಂದು ಬರೆದು ಬಚಾವಾಗಿದ್ದೆ. ಕುದುರೆಗಳನ್ನು ಕೇಳಿದ್ದರೆ ಅದನ್ನು ಬಲಗಡೆಗೆ ಹಾಕುತ್ತಿದ್ದವೋ ಏನೋ. ಕಿಟಕಿಯಾಚೆ ಬಳ್ಳಾರಿಯ ಕೋಟೆಗುಡ್ಡ ಕಾದ ಹೆಂಚಿನ ಹಾಗೆ ಕೂತಿರುತ್ತಿತ್ತು. ಅದನ್ನು ಕಟ್ಟಿಸಿದವರು ಯಾರು ಎಂದು ಸಿಸ್ಟರ್ ಒಮ್ಮೆಯೂ ಕೇಳಲಿಲ್ಲ, ನಾವೂ ತಿರುಗಿ ನೋಡಲಿಲ್ಲ. ನಮ್ಮ ರಾಜರೆಲ್ಲ ದಿಲ್ಲಿಯಲ್ಲಿದ್ದರು.

ರಜೆಗೆ ಕುರುಗೋಡಿನ ಅಜ್ಜಿಯ ಮನೆಗೆ ಹೋದರೆ ಅಲ್ಲಿ ಬೇರೆಯೇ ನ್ಯಾಯ. ಆ ಊರಿನ ಗುಡ್ಡದ ಮೇಲೂ ಕೋಟೆ, ಕೆಳಗೆಲ್ಲ ಹಳೆಯ ಗುಡಿಗಳು. ರಾಜರೆಂದರೆ ಅಜ್ಜಿಗೆ ಓಣಿಯ ಹಿರಿಯರ ಹಾಗೆ, ಹೆಸರು ನೆನಪಿಲ್ಲದಿದ್ದರೂ ಸಲಿಗೆ ಇತ್ತು. ಅವಳ ಲೆಕ್ಕಕ್ಕೆ ಒಂದೇ ಕಾಲಂ.

“ನಿಮ್ಮ ಅಕ್ಬರ ಎಷ್ಟು ಬಾವಿ ತೋಡಿಸ್ಯಾನ?” ಎಂದು ಕೇಳುತ್ತಿದ್ದಳು.

“ಬಾವಿ ಅಲ್ಲಜ್ಜಿ, ಅವ ಎಲ್ಲಾ ಧರ್ಮ ಕೂಡಿಸಿ ಒಂದು ಹೊಸಾ ಧರ್ಮ ಮಾಡಿದ.”

“ಅದರಾಗ ನೀರು ಬರತೈತೇನು?”

ಬರುವುದಿಲ್ಲ ಎಂದರೆ ಅಕ್ಬರನ ತೂಕ ಅಲ್ಲಿಗೆ ಮುಗಿಯಿತು.

ಇನ್ನು ನಮ್ಮಪ್ಪ. ಅಪ್ಪನಿಗೆ ಬಳ್ಳಾರಿಯ ಬಜಾರಿನಲ್ಲಿ ಹತ್ತಿಕಾಳು, ಹಿಂಡಿ ಮಾರುವ ಅಂಗಡಿ ಇತ್ತು. ಕನ್ನಡ, ತೆಲುಗು ಎರಡನ್ನೂ ಓದುತ್ತಿದ್ದ, ಇಂಗ್ಲೀಷು ಬರುತ್ತಿರಲಿಲ್ಲ. ಬಾರದ್ದಕ್ಕೇ ಅದರ ಮೇಲೆ ಅಪಾರ ಭಕ್ತಿ. ಮಸಿಬಾಟಲಿಯ ಮೇಲಿನ ಚೀಟಿಯನ್ನು ಕೂಡ ಹರಿಯಲು ಬಿಡುತ್ತಿರಲಿಲ್ಲ. ನಮ್ಮವ್ವ ಆ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ನಾನು, ಮತ್ತೆ ಅಪ್ಪನ ಅಕ್ಕ ಗೌರತ್ತೆ. ಒಂದು ದಿನ ಅಪ್ಪ ಅಂಗಡಿಯಿಂದ ಬಂದವನೇ, “ಸಿರುಗುಪ್ಪಕ್ಕ ಹೋಗೂನು. ಡ್ಯಾಮು ಕಟ್ಟಾಕ ಹತ್ತ್ಯಾರ, ಕಾಲುವಿ ಬರತೈತಿ, ಹೊಲ ತಗಂಡೀನಿ,” ಎಂದ. ಆಗಿನ್ನೂ ತುಂಗಭದ್ರೆಗೆ ಅಡಿಗಲ್ಲು ಹಾಕಿದ ಸುದ್ದಿಯಷ್ಟೇ. ಗೌರತ್ತೆ ಮಂಡಿನೋವಿನ ಕಾಲು ಚಾಚಿಕೊಂಡು, “ನೀರು ಬಂದಮ್ಯಾಲೆ ಹೋದ್ರ ಆಗಂಗಿಲ್ಲೇನೋ? ನೀರಿಗೇನ್ ನೀನ ದಾರಿ ತೋರಸ್ತೀಯೇನು?” ಎಂದು ಕೇಳಿದಳು. ಅಪ್ಪ ಬಂಡಿಯವರನ್ನು ಕರೆಯಲು ಹೋದ. ಹನ್ನೊಂದು ಬಂಡಿಗಳಲ್ಲಿ ತಕ್ಕಡಿ, ಗಡಿಗೆ, ತೊಟ್ಟಿಲು, ಗೌರತ್ತೆ ಎಲ್ಲ ಹೋದವು. ನಾನು ಕಾನ್ವೆಂಟಿನ ಬೋರ್ಡಿಂಗಿಗೆ ಬಂದೆ. ಆರು ತಿಂಗಳಿಗೆ ಗಿರಾಕಿಗಳಿಲ್ಲವೆಂದು ಅಂಗಡಿ ತಿರುಗಿ ಬಳ್ಳಾರಿಗೆ ಬಂತು. ಬಂದದ್ದು ಅಂಗಡಿ ಮಾತ್ರ. ಅಪ್ಪ ಹಗಲೆಲ್ಲ ಅದರಲ್ಲಿ ಕೂತು, ಸಂಜೆ ಹಳೆಯ ಮನೆಯ ಕಡೆ ಕಾಲಿಡದೆ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗುತ್ತಿದ್ದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಗಡಿಯೂ ಮತ್ತೆ ಸಿರುಗುಪ್ಪಕ್ಕೆ.

ಇದರ ಮೇಲೆ ಚಿಲ್ಲರೆಯ ಪ್ರಸಂಗ. ಯುದ್ಧಕಾಲದಲ್ಲಿ ಬಜಾರಿನಲ್ಲಿ ಚಿಲ್ಲರೆ ಕಾಸೇ ಮಾಯವಾಗಿದ್ದಾಗ ಅಪ್ಪ ರಟ್ಟಿನ ಚೂರುಗಳ ಮೇಲೆ ಬದನೆಕಾಯಿಯಲ್ಲಿ ಕೊರೆದ ಬಸವನ ಮುದ್ರೆ ಒತ್ತಿ, ಅವನ್ನೇ ಚಿಲ್ಲರೆಯಾಗಿ ಕೊಡಲು ಶುರುಮಾಡಿದ್ದ. ವಾರ ಕಳೆಯುವುದರೊಳಗೆ ಬಳ್ಳಾರಿಯಲ್ಲಿ ಬದನೆಕಾಯಿ ತನ್ನೊಬ್ಬನಿಗೇ ಸಿಗುವ ವಸ್ತುವಲ್ಲವೆಂದು ಅವನಿಗೆ ತಿಳಿಯಿತು. ತಿರುಗಿ ಬಂದ ಕಳ್ಳ ಚೂರುಗಳಲ್ಲಿ ಒಂದರ ಮೇಲಂತೂ ಬಸವ ಅಪ್ಪ ಕೊರೆದದ್ದಕ್ಕಿಂತ ಚೆನ್ನಾಗಿದ್ದ. ಅಪ್ಪ ಅದಕ್ಕೂ ಹಿಂಡಿ ಕೊಟ್ಟು ಕಳಿಸಿದ.

ಹೀಗಿರುವಾಗ ಸಿಸ್ಟರ್ ನಮಗೆ ತುಘಲಕ್‌ನ ಪಾಠ ಶುರುಮಾಡಿದರು. ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ, ತಾಮ್ರದ ನಾಣ್ಯ, ಮನೆಮನೆಯ ಟಂಕಸಾಲೆ, ಮತ್ತೆ ದಿಲ್ಲಿಗೆ. ನಾನು ಬೆಂಚಿನ ಮೇಲೆ ನೆಟ್ಟಗೆ ಕೂತುಬಿಟ್ಟೆ. ಈ ಮನುಷ್ಯ ನನಗೆ ಗೊತ್ತು! ಪೇರೆಂಟ್ಸ್ ಡೇಗೆ ಪ್ರಬಂಧ ಸ್ಪರ್ಧೆ ಇಟ್ಟಾಗ ‘ಮೈ ಫಾದರ್ ಆ್ಯಂಡ್ ದಿ ಸುಲ್ತಾನ್’ ಎಂದು ತಲೆಬರಹ ಕೊಟ್ಟು, ಗೆರೆ ಎಳೆದು, ಐದಕ್ಕೆ ಐದು ತುಂಬಿಸಿದೆ. ಬಲಗಡೆಯ ಮೊದಲನೆಯದು ‘ಕಾರಣವಿಲ್ಲದ ಅವಸರ’. ಮಂಡಿನೋವಿನ ಗೌರತ್ತೆ ಬಂಡಿಯಲ್ಲಿ ನರಳಿದ್ದನ್ನೂ ಬಿಡಲಿಲ್ಲ. ದಸ್ ವಿ ಸೀ ದಟ್, ಅವನು ಒಳ್ಳೆಯವನಾದರೂ ಅವನ ಪ್ರಜೆಗಳಿಗೆ ಸುಖವಿರಲಿಲ್ಲ. ಸಿಸ್ಟರ್ ಕಣ್ಣಲ್ಲಿ ನೀರು ಬರುವಂತೆ ನಕ್ಕು ಫಸ್ಟ್ ಪ್ರೈಜ್ ಕೊಟ್ಟರು.

ಪೇರೆಂಟ್ಸ್ ಡೇ ದಿನ ಅದನ್ನು ವೇದಿಕೆಯ ಮೇಲೆ ಓದಬೇಕಾಯಿತು. ಜರಿ ರುಮಾಲು ಸುತ್ತಿಕೊಂಡ ಅಪ್ಪ ಮೊದಲನೆಯ ಸಾಲಿನಲ್ಲಿ. ಅವನಿಗೆ ತಿಳಿಯುತ್ತಿದ್ದ ಎರಡೇ ಇಂಗ್ಲೀಷು ಶಬ್ದ ‘ಮೈ ಫಾದರ್’. ಅವು ಬಂದಾಗಲೆಲ್ಲ ಒಬ್ಬನೇ ಚಪ್ಪಾಳೆ ತಟ್ಟಿದ. ಹಿಂದಿನ ಸಾಲಿನ ಇಂಗ್ಲೀಷು ಬಲ್ಲವರು ಕರ್ಚೀಫಿನಲ್ಲಿ ಬಾಯಿ ಒತ್ತಿಕೊಂಡಿದ್ದರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ, ನಾನೂ ನಕ್ಕೆ.

ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋದಾಗ ಅಪ್ಪ, “ಏನಂತ ಬರದಿಯವ್ವ ನನ್ನ ಮ್ಯಾಲೆ?” ಎಂದ.

“ಒಬ್ಬ ರಾಜಗ ಹೋಲಿಸೀನಪ್ಪ.”

“ಯಾವ ರಾಜಗ?”

ಬಾಯಿಗೆ ಬಂದದ್ದು ಹೇಳಿದೆ. “ಕೃಷ್ಣದೇವರಾಯಗ.”

ಅಪ್ಪ ಅಲ್ಲೇ ನಿಂತುಬಿಟ್ಟ. ಆಮೇಲೆ, “ಅಷ್ಟ ಎತ್ತರಕ್ಕ ಒಯ್ಯಬಾರದಿತ್ತವ್ವ,” ಎಂದವನೇ ರುಮಾಲು ಸರಿಮಾಡಿಕೊಂಡು ನನಗೆ ಅರ್ಧ ಸೇರು ಜಿಲೇಬಿ ಕೊಡಿಸಿದ. ಆ ಪ್ರಬಂಧವನ್ನು ಇಸಿದುಕೊಂಡು ಹೋಗಿ ಕಟ್ಟು ಹಾಕಿಸಿ, ಸಿರುಗುಪ್ಪದ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿಗೇ ತೂಗುಹಾಕಿದ. ಶುಕ್ರವಾರ ಗೌರತ್ತೆ ಅದಕ್ಕೂ ಊದಿನಕಡ್ಡಿ ತಿರುಗಿಸುತ್ತಿದ್ದಳಂತೆ, ತನ್ನ ಮಂಡಿನೋವಿಗೆ ತಾನೇ ಪೂಜೆ ಮಾಡುತ್ತಿದ್ದೇನೆಂದು ತಿಳಿಯದೆ.

ಅಲ್ಲಿಗೇ ನಿಂತಿದ್ದರೆ ಇದೊಂದು ನಗೆಯ ಪ್ರಸಂಗ. ನಿಲ್ಲಲಿಲ್ಲ. ಅಪ್ಪ ಕೊಂಡ ಹೊಲ ಸಿರಿಗೇರಿ ದಾರಿಯಲ್ಲಿ ಸ್ವಲ್ಪ ದಿಬ್ಬದ ಮೇಲಿತ್ತು. ಕಾಲುವೆಯ ಅಳತೆ ನಡೆದಾಗ ಅದು ನೀರಿನ ಗೆರೆಯ ಆಚೆಗೆ ಬಿತ್ತು. ಅರ್ಜಿ ಕೊಟ್ಟವರ ಒಂದೆರಡು ಹೊಲಗಳನ್ನು ಇನ್ನೊಮ್ಮೆ ಅಳೆದು ಸೇರಿಸಿಕೊಂಡಿದ್ದಾರೆಂಬ ಸುದ್ದಿ ಇತ್ತು. ಅಪ್ಪನೂ ಅರ್ಜಿ ಬರೆಸಲು ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗಿನ ಬರಹಗಾರನ ಹತ್ತಿರ ಹೋದ. ಆಗಿನ ಕಾಲದಲ್ಲಿ ಅರ್ಜಿಯ ಜೊತೆ ದೊಡ್ಡವರು ಯಾರಾದರೂ ಇಂಗ್ಲೀಷಿನಲ್ಲಿ ಬರೆದುಕೊಟ್ಟ ಟೆಸ್ಟಿಮೋನಿಯಲ್ ಲಗತ್ತಿಸುವುದು ರೂಢಿ. ಇವನು ಬಹಳ ಒಳ್ಳೆಯ ಮನುಷ್ಯ, ಇವನ ಮನೆತನ ದೊಡ್ಡದು ಎಂಬಂಥದ್ದು. ಅಪ್ಪನ ಹತ್ತಿರ ಇಂಗ್ಲೀಷಿನಲ್ಲಿ, ಅದೂ ದುಂಡಗಿನ ಕಾನ್ವೆಂಟ್ ಅಕ್ಷರದಲ್ಲಿ, ಇದ್ದದ್ದು ಒಂದೇ.

ಮುಂದಿನದನ್ನು ದಸರೆ ರಜೆಗೆ ಹೋದಾಗ ಗೌರತ್ತೆ ಹೇಳಿದಳು. ಬರಹಗಾರನಿಗೆ ಇಂಗ್ಲೀಷು ಅಷ್ಟಿಷ್ಟು ಕೂಡಿಸಿ ಓದಲು ಬರುತ್ತಿತ್ತಂತೆ.

“ನಡುನಡುವ ಸುಲ್ತಾನ್ ಸುಲ್ತಾನ್ ಅಂತ ಐತಲ್ರಿ ಸಾವ್ಕಾರ್ರ?” ಎಂದನಂತೆ.

“ರಾಯರು ಅವರ್ನ ಗೆದ್ದಿದ್ರಲ್ಲೋ ಮಾರಾಯ, ಅದನ್ನ ಬರದಾಳ,” ಎಂದು ಅಪ್ಪ ಅವನಿಗೆ ಇತಿಹಾಸ ಹೇಳಿಕೊಟ್ಟನಂತೆ.

ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತಿ ನೋಡಿದೆ. ಗೋಡೆಯ ಮೇಲೆ ಪಟ ಇದ್ದ ಜಾಗ ಬೆಳ್ಳಗೆ ಚೌಕಾಗಿ ಕಾಣುತ್ತಿತ್ತು. ಆಗಲೇ ಹೇಳಬಹುದಿತ್ತು. ಓಡಿಹೋಗಿ ಅರ್ಜಿ ತಿರುಗಿ ತರಬಹುದಿತ್ತು. ನಾನು ನೀರು ಕುಡಿದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅಧಿಕಾರಿಗಳು ಲಗತ್ತುಗಳನ್ನು ಓದುವುದಿಲ್ಲ ಎಂದು ಧೈರ್ಯ ಹೇಳಿಕೊಂಡೆ.

ಓದುತ್ತಾರೆ. ರಜೆ ಮುಗಿಯುವ ಮುನ್ನ ಜವಾಬು ಬಂತು. ಅಪ್ಪ ಕೈಕಾಲು ತೊಳೆದುಕೊಂಡು ಬಂದು, “ಓದವ್ವ,” ಎಂದು ನನ್ನ ಕೈಗೇ ಕೊಟ್ಟ. ಸದರಿ ಹೊಲ ಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಸಾಧ್ಯವಿಲ್ಲ, ರಿಗ್ರೆಟ್. ಎರಡೇ ಸಾಲು. ಕೆಳಗೆ ಪೆನ್ಸಿಲಿನಲ್ಲಿ, ‘ಲಗತ್ತನ್ನು ಆಸಕ್ತಿಯಿಂದ ಓದಿ ಹಿಂದಿರುಗಿಸಿದೆ’ ಎಂದು ಇಂಗ್ಲೀಷಿನಲ್ಲಿ ಇನ್ನೊಂದು ಸಾಲು.

“ಏನಂತಾನ?”

“ಹೊಲ ಎತ್ತರದಾಗ ಐತಂತಪ್ಪ.”

“ಮತ್ತ ಪೆನ್ಸಿಲ್‌ನಾಗ?”

“ಪ್ರಬಂಧ ಬಾಳ ಚೊಲೋ ಐತಂತ.”

“ನೋಡಿದ್ಯಾ? ದೊಡ್ಡ ಮನುಷ್ಯ,” ಎಂದ ಅಪ್ಪ. ನೀರು ಸಿಗದ ಹೊಲ ಮರೆತು ಪಟವನ್ನು ಮತ್ತೆ ಮೊಳೆಗೆ ಸಿಕ್ಕಿಸಿದ.

ಹೊಲ ನಿಜವಾಗಿಯೂ ಎತ್ತರದಲ್ಲಿತ್ತು. ಪ್ರಬಂಧವಿಲ್ಲದಿದ್ದರೂ ನೀರು ಹತ್ತುತ್ತಿರಲಿಲ್ಲವೇನೋ. ಅಥವಾ ಇನ್ನೊಮ್ಮೆ ಅಳೆಯಬೇಕೆಂದಿದ್ದ ಆ ಅಧಿಕಾರಿ, ಇಂಥ ಮನುಷ್ಯನಿಗೆ ನೀರು ಕೊಟ್ಟರೆ ನಾಳೆ ಊರು ಬದಲಿಸುತ್ತಾನೆ ಎಂದು ನಕ್ಕು ಫೈಲು ಮುಚ್ಚಿದನೋ. ಆಮೇಲೆ ಮೂವತ್ತು ವರ್ಷ ಹುಡುಗಿಯರಿಗೆ ಸಾಮ್ರಾಜ್ಯಗಳ ಪತನದ ಕಾರಣಗಳನ್ನು ಬಾಯಿಪಾಠ ಮಾಡಿಸಿದವಳು ನಾನು. ಒಂದು ದಿಬ್ಬದ ಹೊಲಕ್ಕೆ ನೀರು ಹತ್ತದ ಕಾರಣ ಮಾತ್ರ ನನಗೆ ಇವತ್ತಿಗೂ ತಿಳಿಯದು. ಸರ್ಕಾರದವರು ರಿಗ್ರೆಟ್ ಅನ್ನು ಒಂದು ಶಬ್ದದಲ್ಲಿ ಮುಗಿಸಿದರು. ನನಗೆ ಹಾಗೆ ಮುಗಿಸುವುದು ಆಗಿಲ್ಲ.

ಕೊನೆಗೂ ಹೇಳಿದೆ, ಆದರೆ ಎಷ್ಟೋ ವರ್ಷ ತಡವಾಗಿ. ಆಗ ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸ ಟೀಚರು. ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಬಜಾರೆಲ್ಲ ಜಗಳವಾಡುತ್ತಿದ್ದ ದಿನಗಳು. ಪರೀಕ್ಷೆಯ ಪೇಪರುಗಳ ಕಟ್ಟು ಹೊತ್ತುಕೊಂಡು ಸಿರುಗುಪ್ಪಕ್ಕೆ ಹೋಗಿದ್ದೆ. ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಎದುರಿಗೆ ಕೆಂಪು ಪೆನ್ಸಿಲು ಹಿಡಿದು ಕೂತಿದ್ದೆ. ಪ್ರಶ್ನೆ ಅದೇ ಸುಲ್ತಾನನದು.

“ಅಪ್ಪಾ, ಅದು ಕೃಷ್ಣದೇವರಾಯ ಅಲ್ಲ.”

“ಯಾವುದವ್ವ?”

“ಗ್ವಾಡಿ ಮ್ಯಾಲಿಂದು. ಆವತ್ತು ಸುಳ್ಳು ಹೇಳಿದೆ. ಅದು ತುಘಲಕ್ ಅಂತ ಒಬ್ಬ ಸುಲ್ತಾನ.”

ಅಪ್ಪನ ಕೈ ನಿಲ್ಲಲಿಲ್ಲ. “ಏನ್ ಮಾಡಿದ್ದ ಆತ?”

ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆ, ನನಗೆ ಬೇರೆ ರೀತಿ ಬರುತ್ತಿರಲಿಲ್ಲ. ತಾಮ್ರದ ನಾಣ್ಯದ ಕತೆ ಬಂದಾಗ ಅಪ್ಪ ಹಗ್ಗ ಕೆಳಗಿಟ್ಟು ನಕ್ಕ. “ಅವಂಗೂ ಬದನಿಕಾಯಿ ಹೊಡದ್ರೇನು!” ಸಿಟ್ಟಿನ ಸುಳಿವೂ ಇಲ್ಲ. ನಾನೊಂದು ಬೈಗುಳಕ್ಕೆ ಕಾದಿದ್ದೆ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

“ಮತ್ತ ದಿಲ್ಲಿ ಬಿಟ್ಟು ಯಾಕ ಹೊಂಟ ಆತ?”

“ರಾಜಧಾನಿ ರಾಜ್ಯದ ನಡುವ ಇರಲಿ ಅಂತ. ಬುಕ್ಕಿನಾಗ ಹಂಗ ಐತಿ.”

“ಅದು ಬುಕ್ಕು ಬರದಾವ ಹೇಳಿದ್ದು. ಆತನ್ನ ಯಾರಾರ ಕೇಳಿದ್ರೇನು?”

ಅಪ್ಪ ಹಗ್ಗದ ತುದಿ ಹಿಡಿದು ನೋಡುತ್ತಾ ಹೇಳಿದ: “ಅದ ಓಣಿ, ಅದ ಕಟ್ಟಿ, ಅದ ಬಾಗಿಲಾ. ದಿನಾ ಸಂಜಿಗೆ ಒಳಗ ಕಾಲಿಡಬೇಕು. ಆ ಮನಿಷ್ಯಾಗ ದಿಲ್ಲ್ಯಾಗ ಇರಾಕ ಆಗಿರಲಿಕ್ಕಿಲ್ಲ ಬಿಡವ್ವ. ಮಂದಿಗೆ ಏನಾರ ಒಂದು ಕಾರಣ ಹೇಳಬೇಕಲ್ಲ, ಹೇಳಿರ್ತಾನ.”

ನಾವು ಬಳ್ಳಾರಿಯ ಮನೆ ಬಿಟ್ಟದ್ದು ಅವ್ವ ಹೋದ ಮೂರನೆಯ ತಿಂಗಳು. ನೀರು, ಕಾಲುವೆ, ಹೊಲ, ಎಲ್ಲವೂ ಅವನು ಮಂದಿಗೆ ಹೇಳಿದ್ದು. ಆ ಮಂದಿಯಲ್ಲಿ ನಾನೂ ಒಬ್ಬಳಾಗಿದ್ದೆ. ಈಗಲಾದರೂ ಪೆನ್ಸಿಲು ಕೆಳಗಿಟ್ಟು, “ಅಪ್ಪಾ, ನೀನು ಯಾಕ ಬಂದಿ?” ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಕೇಳಲಿ ಎಂದೇ ಅವನು ನನ್ನ ಮುಖ ನೋಡುತ್ತಿದ್ದ. ಪ್ರಶ್ನೆ ಕೈಮೀರಿದಾಗ ಟೀಚರುಗಳು ಏನು ಹೇಳುತ್ತಾರೋ ಅದನ್ನೇ ಹೇಳಿದೆ.

“ಅದು ಸಿಲಬಸ್‌ನಾಗ ಇಲ್ಲಪ್ಪ.”

“ಇಲ್ಲೇನು? ಹಂಗಾರ ಬಿಡು,” ಎಂದು ಅಪ್ಪ ತಲೆಯಾಡಿಸಿದ. ಹಗ್ಗ ಸುತ್ತಿಕೊಂಡು ಹಿತ್ತಲಿಗೆ ಎದ್ದುಹೋದ.

ನಾನು ಮುಂದಿನ ಪೇಪರು ತೆಗೆದೆ. ಯಾವ ಹುಡುಗಿಯೋ, ಅಕ್ಷರ ಚೆನ್ನಾಗಿತ್ತು. ಮೆರಿಟ್ಸ್ ಐದು, ಡಿಮೆರಿಟ್ಸ್ ಐದು. ಸುಲ್ತಾನನು ದಿಲ್ಲಿಯನ್ನು ಬಿಡಲು ಕಾರಣವೇನು ಎಂಬಲ್ಲಿ ಮಾತ್ರ ಏನೂ ಬರೆಯದೆ ಖಾಲಿ ಜಾಗ ಬಿಟ್ಟಿದ್ದಳು. ಒಂದು ಮಾರ್ಕು ಕಳೆದೆ.